ಮಕ್ಕಳಿಗೆ ಸುಳ್ಳು ಹೇಳಬೇಡಿ

"ಪಾಪ, ಮಗುವಿಗೆ ಏನು ತಿಳಿಯುತ್ತದೆ?" ಸಾವಿನ ಮನೆಯಲ್ಲಿ ಹಿರಿಯರು ಆಡುವ ಮಾತಿದು. ಹೆಣ ಎತ್ತುವ ಮುನ್ನವೇ ಮಗುವನ್ನು ಪಕ್ಕದ ಮನೆಗೆ ಸಾಗಿಸುತ್ತಾರೆ. 'ಅಪ್ಪ ಊರಿಗೆ ಹೋಗಿದ್ದಾರೆ' ಎನ್ನುತ್ತಾರೆ. ಇದನ್ನು ಕರುಣೆಯೆಂದು ನಾನು ಒಪ್ಪಲಾರೆ. ಇದು ಹಿರಿಯರ ಪುಕ್ಕಲುತನ.

ಹಂಗೇರಿಯ ಮರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ವರ್ಷದೊಳಗಿನ ಮಕ್ಕಳು ಸಾವನ್ನು ಒಂದು ಪ್ರಯಾಣ ಅಥವಾ ನಿದ್ರೆಯೆಂದು ಬಗೆಯುವುದು ಕಂಡುಬಂದಿತು. ಅಂಥ ಮಗುವಿಗೆ 'ಊರಿಗೆ ಹೋಗಿದ್ದಾರೆ' ಎಂದರೆ ಅದು ಬಾಗಿಲು ಕಾಯುತ್ತದೆ. 'ಮಲಗಿದ್ದಾರೆ' ಎಂದರೆ ತಾನು ಮಲಗಲು ಹೆದರುತ್ತದೆ. ಕೊನೆಗೆ 'ನಾನು ಹಟ ಮಾಡಿದ್ದಕ್ಕೇ ಹೀಗಾಯಿತೇ?' ಎಂದು ಒಳಗೊಳಗೇ ಕೊರಗುತ್ತದೆ.

ತಂದೆತಾಯಿ ಬೇರೆಯಾದಾಗಲೂ ಇದೇ ಮುಚ್ಚುಮರೆ. ಮಗುವಿಗೆ ಹೇಳುವವರಿಲ್ಲ, ಅದನ್ನು ಕೇಳುವವರೂ ಇಲ್ಲ. 1890ರ ಪೋಷಕರು ಮತ್ತು ಪಾಲ್ಯರ ಅಧಿನಿಯಮವಾದರೂ, ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದೆನ್ನುತ್ತದೆ. ಬ್ರಿಟಿಷರ ಕಾಲದ ಕಾನೂನಿಗಿರುವ ಸೌಜನ್ಯ ನಮ್ಮ ನಡುಮನೆಗಿಲ್ಲ!

ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ 2021ರಲ್ಲಿ ಕರ್ನಾಟಕ ಸರ್ಕಾರ ಬಾಲ ಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಒಳ್ಳೆಯದೇ. ಆದರೆ ಅಳುವ ಮಗುವಿನ ಪಕ್ಕದಲ್ಲಿ ಕೂರುವ ಕೆಲಸ ಸರ್ಕಾರದ್ದಲ್ಲ. ಅದು ಸೋದರಮಾವನದು, ಚಿಕ್ಕಮ್ಮನದು, ತರಗತಿಯ ಮೇಷ್ಟರದು.

ಇಂದು ಸ್ವತಃ ತಂದೆತಾಯಿಯರಾಗಿರುವ ನನ್ನ ವಿದ್ಯಾರ್ಥಿಗಳೇ, ಅಂಥ ಹೊತ್ತು ಬಂದರೆ ನೇರವಾಗಿ ಹೇಳಿರಿ: 'ಅಪ್ಪ ಸತ್ತುಹೋಗಿದ್ದಾರೆ, ಮರಳಿ ಬರುವುದಿಲ್ಲ. ನಿನ್ನ ತಪ್ಪೇನೂ ಇಲ್ಲ. ನಾವಿದ್ದೇವೆ.' ಮಗು ನೂರು ಬಾರಿ ಕೇಳಿದರೆ ನೂರು ಬಾರಿಯೂ ಇದನ್ನೇ ಹೇಳಿರಿ.