ಉಮೇದುವಾರನನ್ನು ಆರಿಸುವವರಾರು?

ಪಕ್ಷವೊಂದು ತನ್ನ ಉಮೇದುವಾರನನ್ನು ನಿಶ್ಚಯಿಸುವಾಗ ಆ ಪಕ್ಷಕ್ಕೆ ಸೇರದವರಿಗೂ ಮತ ಹಾಕುವ ಅಧಿಕಾರವಿರಬೇಕೆ ಎಂಬ ಪ್ರಶ್ನೆ ಅಮೆರಿಕದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಇತ್ಯರ್ಥವಾಗದೆ ಉಳಿದಿದೆ. ಮುಖಂಡರು ಬಾಗಿಲು ಹಾಕಿಕೊಂಡು ಟಿಕೆಟು ಹಂಚುತ್ತಿದ್ದ ಪದ್ಧತಿಯ ವಿರುದ್ಧ ವಿಸ್ಕಾನ್ಸಿನ್ ಸಂಸ್ಥಾನದ ಗವರ್ನರ್ ರಾಬರ್ಟ್ ಲಾ ಫೋಲೆಟ್ ಅವರು ಹೋರಾಡಿದುದರ ಫಲವಾಗಿ, 1904ರಲ್ಲಿ ಅಲ್ಲಿಯ ಜನರು ಪಕ್ಷದ ಉಮೇದುವಾರನನ್ನು ಮತದಾರರೇ ಆರಿಸುವ ಮುಕ್ತ ಪ್ರಾಥಮಿಕ ಚುನಾವಣೆಯ ಕಾಯಿದೆಯನ್ನು ಅನುಮೋದಿಸಿದರು. ಇಂದಿಗೂ ಅಲ್ಲಿ ಮತದಾರನು ತನ್ನ ಪಕ್ಷವಾವುದೆಂದು ಯಾರಿಗೂ ಹೇಳಬೇಕಾದುದಿಲ್ಲ. ಎಲ್ಲ ಪಕ್ಷಗಳ ಅಂಕಣಗಳುಳ್ಳ ಮತಪತ್ರದಲ್ಲಿ ತನಗೆ ಬೇಕಾದ ಯಾವುದಾದರೂ ಒಂದೇ ಅಂಕಣದೊಳಗೆ ಗುಟ್ಟಾಗಿ ಗುರುತು ಹಾಕಿದರಾಯಿತು. (ನಮ್ಮಲ್ಲಿ 2014ರಲ್ಲಿ ಕಾಂಗ್ರೆಸ್ಸು ದಕ್ಷಿಣ ಕನ್ನಡ, ಬೆಂಗಳೂರು ಉತ್ತರ ಮೊದಲಾದೆಡೆ ಇಂತಹುದೊಂದು ಪ್ರಯೋಗ ಮಾಡಿತಾದರೂ, ಮತ ಹಾಕಿದವರು ಪಕ್ಷದವರೇ, ಬೀದಿಯ ಮತದಾರನಿಗೆ ಅಲ್ಲಿ ಪ್ರವೇಶವಿರಲಿಲ್ಲ.)

ಮುಕ್ತ ಪದ್ಧತಿಗಿರುವ ಆಕ್ಷೇಪವೇನೂ ಹಗುರವಾದುದಲ್ಲ. ಸಂಘವೆಂದ ಮೇಲೆ ಅದರ ಪ್ರತಿನಿಧಿಯನ್ನು ಅದರ ಸದಸ್ಯರೇ ಆರಿಸುವುದು ನ್ಯಾಯ. ಎದುರು ಪಕ್ಷದವರು ನುಗ್ಗಿ ದುರ್ಬಲನನ್ನು ಗೆಲ್ಲಿಸಿಬಿಟ್ಟರೆ ಗತಿಯೇನು? 2000ದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಹೊರಗಿನವರಿಗೂ ಮತಕ್ಕೆ ಅವಕಾಶವಿದ್ದ ಕ್ಯಾಲಿಫೋರ್ನಿಯದ ಅಂದಿನ ಪದ್ಧತಿಯನ್ನು ರದ್ದುಗೊಳಿಸಿದುದು ಈ ಸಂಘಸ್ವಾತಂತ್ರ್ಯದ ತತ್ತ್ವವನ್ನು ಆಧರಿಸಿಯೇ. ಆದರೆ ಹೊರಗಿನಿಂದ ಬರುವವರಲ್ಲಿ ಕೇಡು ಬಗೆದು ಬಂದವರಿಗಿಂತ, ಇದ್ದುದರಲ್ಲಿ ವಾಸಿಯಾದವನನ್ನು ಹುಡುಕಿ ಬಂದವರೇ ಹೆಚ್ಚೆಂದು ನನಗೆ ತೋರುತ್ತದೆ. ಉದಾಹರಣೆಗೆ, ಮಿಸಿಸಿಪ್ಪಿಯಲ್ಲಿ ರಿಪಬ್ಲಿಕನ್ ಉಮೇದುವಾರನಾದವನು ಸೆನೆಟ್ ಸೇರುವುದು ಬಹುಮಟ್ಟಿಗೆ ಖಂಡಿತ. 2014ರಲ್ಲಿ ಹಿರಿಯ ಸೆನೆಟರ್ ಥ್ಯಾಡ್ ಕಾಕ್ರನ್ ಅವರು ರಿಪಬ್ಲಿಕನ್ ಪ್ರಾಥಮಿಕ ಚುನಾವಣೆಯ ಮೊದಲ ಸುತ್ತಿನಲ್ಲಿ ತೀವ್ರವಾದಿ ಕ್ರಿಸ್ ಮೆಕ್‌ಡೇನಿಯಲ್ ಅವರಿಗಿಂತ ಹಿಂದೆ ಬಿದ್ದಾಗ, ಡೆಮಾಕ್ರಟರತ್ತ ಒಲವುಳ್ಳ ಅನೇಕ ಕಪ್ಪು ಜನರು ಮೂರು ವಾರಗಳ ತರುವಾಯ ನಡೆದ ಎರಡನೆಯ ಸುತ್ತಿಗೆ ಬಂದು ಮತವಿತ್ತು ಅವರನ್ನು ಉಳಿಸಿದರು. ಸೋತವರು ಅಕ್ರಮವೆಂದು ಕೋರ್ಟಿಗೆ ಹೋದರು, ದಾವೆ ನಿಲ್ಲಲಿಲ್ಲ. ನವೆಂಬರಿನ ಚುನಾವಣೆ ಕೇವಲ ಶಾಸ್ತ್ರಕ್ಕೆ ನಡೆಯುವಂತಹ ಸೀಮೆಯಲ್ಲಿ ಪ್ರಾಥಮಿಕ ಚುನಾವಣೆಯ ಬಾಗಿಲನ್ನೂ ಮುಚ್ಚಿದರೆ ಆ ಜನರ ಮತಕ್ಕೆ ಬೆಲೆಯೆಲ್ಲಿಯದು?

ಇಷ್ಟು ಹೇಳಿಯೂ, ಎಲ್ಲ ಪಕ್ಷದವರನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿ ಮೊದಲಿಬ್ಬರನ್ನು ಮಾತ್ರ ಉಳಿಸಿಕೊಳ್ಳುವ, 2012ರಿಂದ ಕ್ಯಾಲಿಫೋರ್ನಿಯದಲ್ಲಿ ನಡೆದುಬಂದಿರುವ ಕ್ರಮವನ್ನು ನಾನು ಒಪ್ಪಲಾರೆ. ವಿಸ್ಕಾನ್ಸಿನ್ನಿನಂತೆ ಅಂಕಣಗಳಿದ್ದರೆ ಪ್ರತಿ ಪಕ್ಷಕ್ಕೂ ಒಬ್ಬನಾದರೂ ಉಳಿಯುತ್ತಾನೆ. ಇಲ್ಲಿ ಆ ಭರವಸೆಯಿಲ್ಲ. ಆ ವರ್ಷವೇ 31ನೆಯ ಕ್ಷೇತ್ರದಲ್ಲಿ ನಾಲ್ವರು ಡೆಮಾಕ್ರಟರು ತಮ್ಮೊಳಗೆ ಮತ ಹಂಚಿಕೊಂಡುದರಿಂದ, ಒಬಾಮರಿಗೆ ಬಹುಮತವಿತ್ತ ಮತದಾರರೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯತ್ವಕ್ಕೆ ಇಬ್ಬರು ರಿಪಬ್ಲಿಕನರಲ್ಲಿ ಒಬ್ಬರನ್ನು ಆರಿಸಬೇಕಾಗಿ ಬಂದಿತು. ಎರಡು ವರ್ಷಗಳ ಬಳಿಕ ಡೆಮಾಕ್ರಟ್ ಪೀಟ್ ಅಗಿಲಾರ್ ಅವರು ಆ ಸ್ಥಾನವನ್ನು ಗೆದ್ದರು, ಆದರೆ ಮೊದಲ ಸುತ್ತಿನಲ್ಲಿ ಎರಡನೆಯ ಜಾಗ ಅವರಿಗೆ ದಕ್ಕಿದುದು ಕೂದಲೆಳೆಯ ಅಂತರದಿಂದ.