ಮಂತ್ರಿಗಿರಿ ಮಾಡಿ ಬಂದ ನ್ಯಾಯಾಧೀಶ

ಮಂತ್ರಿಯಾಗಿದ್ದವರು ನ್ಯಾಯಪೀಠ ಏರಿದರೆ ನಮ್ಮಲ್ಲಿ ಹುಬ್ಬೇರುತ್ತದೆ. ಆ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಆದರೆ ವಾದಿ, ಪ್ರತಿವಾದಿ ಎರಡೂ ದೇಶಗಳೇ ಆಗಿರುವ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಇದೇ ಮಡಿ ಬೇಕೆ? ನೈಜೀರಿಯಾದ ತಸ್ಲಿಮ್ ಒಲವಾಲೆ ಎಲಿಯಾಸ್ (1914–1991) ಅವರ ಬದುಕನ್ನು ನೋಡಿದರೆ ಬೇಡ ಎನ್ನಬೇಕಾಗುತ್ತದೆ, ಅದೂ ಸ್ವಲ್ಪ ಮುಜುಗರದಿಂದಲೇ. ಸರ್ಕಾರ ಒಳಗಿನಿಂದ ಹೇಗೆ ನಡೆಯುತ್ತದೆ ಎಂದು ಬಲ್ಲವರು ಆ ಪೀಠಕ್ಕೆ ಬೇಕು. ಅವರು ಎಲ್ಲಿಂದ ಬಂದರು ಎಂಬುದಕ್ಕಿಂತ ಅಲ್ಲಿ ಕೂತ ಮೇಲೆ ಯಾರ ಕೃಪೆಗೆ ಕಾಯಬೇಕಾಗುತ್ತದೆ ಎಂಬುದು ದೊಡ್ಡ ಪ್ರಶ್ನೆ.

ಎಲಿಯಾಸ್ ಮೊದಲಿಗೆ ವಿದ್ವಾಂಸರು. ಆಫ್ರಿಕಾದ ಸಾಂಪ್ರದಾಯಿಕ ಕಟ್ಟಳೆಗಳೂ ಪೂರ್ಣಾರ್ಥದ ಕಾನೂನೇ ಎಂದು ವಾದಿಸಿದ ಅವರ ಗ್ರಂಥ ಹೊರಬಂದದ್ದು 1956ರಲ್ಲಿ. ಅದೇ ವರ್ಷ ಅವರು ದೆಹಲಿ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. 1960ರಲ್ಲಿ ದೇಶ ಸ್ವತಂತ್ರವಾದಾಗ ಅಟಾರ್ನಿ ಜನರಲ್ ಮತ್ತು ಕಾನೂನು ಮಂತ್ರಿಯಾದರು. ಮುಂದೆ ಲಾಗೋಸ್ ವಿಶ್ವವಿದ್ಯಾಲಯದ ಕಾನೂನು ನಿಕಾಯದ ಡೀನ್ ಕೂಡ ಆದರು. ತರಗತಿ ಮತ್ತು ಸಂಪುಟ, ಎರಡರ ಅನುಭವವೂ ಒಟ್ಟಿಗೆ ಕೆಲಸಕ್ಕೆ ಬಂದದ್ದು ವಿಯೆನ್ನಾದಲ್ಲಿ, ಒಪ್ಪಂದಗಳ ಕಾನೂನನ್ನು ರೂಪಿಸಿದ 1968–69ರ ಸಮ್ಮೇಳನದಲ್ಲಿ. ಅದರ ಪೂರ್ಣ ಸಮಿತಿಗೆ ಎಲಿಯಾಸ್ ಅಧ್ಯಕ್ಷರು. ಮಾನವಕುಲದ ಮೂಲಭೂತ ನಿಯಮಗಳಿಗೆ ವಿರುದ್ಧವಾದ ಒಪ್ಪಂದ ಅಸಿಂಧು ಎಂದು ಬರೆಯಬಹುದು, ಸರಿ. ಆದರೆ ವಿರುದ್ಧವೋ ಅಲ್ಲವೋ ಎಂದು ಹೇಳುವವರು ಯಾರು? ಪಶ್ಚಿಮದ ದೇಶಗಳು ನ್ಯಾಯಾಲಯವೇ ಹೇಳಬೇಕೆಂದವು, ಸೋವಿಯತ್ ಬಣ ಒಪ್ಪಲಿಲ್ಲ. ಸಮ್ಮೇಳನ ಮುರಿದುಬೀಳುವ ಹೊತ್ತಿಗೆ ನೈಜೀರಿಯಾ ಮತ್ತಿತರ ಆಫ್ರಿಕಾ, ಏಷ್ಯಾ ದೇಶಗಳು ಮುಂದಿಟ್ಟ ರಾಜಿಸೂತ್ರದಿಂದ ಅಂಥ ತಕರಾರು ಹೇಗ್‌ಗೆ ಹೋಗುವ ದಾರಿ ತೆರೆಯಿತು. ಪಾಂಡಿತ್ಯವೊಂದರಿಂದಲೇ ಆಗುವ ಕೆಲಸವಲ್ಲ ಅದು. ಯಾವ ದೇಶ ಎಷ್ಟರ ಮಟ್ಟಿಗೆ ಬಗ್ಗೀತು ಎಂಬ ಅಂದಾಜು ಬೇಕು, ಅದು ಪುಸ್ತಕದಲ್ಲಿ ಸಿಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಅಭಿನಂದನಾ ಗ್ರಂಥದ ಲೇಖನವಾದೀತು. 1970ರ ಏಪ್ರಿಲ್‌ನಲ್ಲಿ, ಲಕನ್ಮಿ ಪ್ರಕರಣದಲ್ಲಿ, ನೈಜೀರಿಯಾದ ಸುಪ್ರೀಂ ಕೋರ್ಟ್ ಸೇನಾ ಸರ್ಕಾರಕ್ಕೆ ಒಂದು ಮಾತು ನೇರವಾಗಿ ಹೇಳಿತು: 1966ರಲ್ಲಿ ಸೇನೆ ಅಧಿಕಾರ ಹಿಡಿದದ್ದು ಕ್ರಾಂತಿಯಲ್ಲ, ಸಂವಿಧಾನ ಸತ್ತಿಲ್ಲ, ಹೆಸರು ಹಿಡಿದು ಆಸ್ತಿ ಜಪ್ತಿ ಮಾಡುವ ಆಜ್ಞೆ ಊರ್ಜಿತವಲ್ಲ. ಮರುತಿಂಗಳೇ ಸರ್ಕಾರ 28ನೇ ಡಿಕ್ರಿ ಹೊರಡಿಸಿ ಆ ತೀರ್ಪನ್ನೇ ಶೂನ್ಯವೆಂದು ಸಾರಿತು. ಆಗ ಅಟಾರ್ನಿ ಜನರಲ್ ಆಗಿದ್ದವರು ಇದೇ ಎಲಿಯಾಸ್. 1972ರಲ್ಲಿ ಅವರು ಮುಖ್ಯ ನ್ಯಾಯಮೂರ್ತಿಯಾದರು. ಕೂತದ್ದು ಆ ತೀರ್ಪು ಕೊಟ್ಟ ಅಡೆಟೊಕುಂಬೊ ಅಡೆಮೊಲ ಅವರ ಕುರ್ಚಿಯಲ್ಲಿ. ಸೈನ್ಯದ ಕಾಲದಲ್ಲಿ ಒಳಗಿದ್ದುಕೊಂಡೇ ಕಾನೂನಿನ ಒಂದಿಷ್ಟು ಮಾನ ಉಳಿಸಬಹುದಿತ್ತು ಎಂಬ ಸಮಜಾಯಿಷಿ ಇದೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ನ್ಯಾಯಾಲಯದ ಬಾಯಿ ಕಟ್ಟಿದ ಸರ್ಕಾರದ ಕಾನೂನು ಸಲಹೆಗಾರ ಎಂಬ ಹಣೆಪಟ್ಟಿ ಸುಲಭಕ್ಕೆ ಅಳಿಯುವಂಥದ್ದಲ್ಲ. 1975ರ ಜುಲೈನಲ್ಲಿ ಮತ್ತೊಂದು ದಂಗೆ ನಡೆದು ಅವರೂ ಪದವಿ ಕಳೆದುಕೊಂಡರು. ಸೈನಿಕ ಆಡಳಿತದ ಹಂಗಿನಲ್ಲಿ ನ್ಯಾಯಾಧೀಶ ಎಷ್ಟು ಅಭದ್ರ ಎಂಬುದು ಅವರ ಮೈಮೇಲೆಯೇ ಬಂತು.

ಅದೇ ವರ್ಷ ಅವರು ಹೇಗ್‌ಗೆ ಆಯ್ಕೆಯಾದರು. 1982ರಲ್ಲಿ ಆ ನ್ಯಾಯಾಲಯದ ಅಧ್ಯಕ್ಷರಾದ ಮೊದಲ ಆಫ್ರಿಕನ್. 1984ರಲ್ಲಿ ಪುಟ್ಟ ನಿಕರಾಗುವ ತನ್ನ ಬಂದರುಗಳಲ್ಲಿ ಸಿಡಿಗುಂಡು ಬಿತ್ತಿದ್ದಾರೆಂದು ಅಮೆರಿಕದ ವಿರುದ್ಧ ದಾವೆ ಹೂಡಿತು. ವಿಚಾರಣೆಯ ಅಧಿಕಾರ ತನಗಿದೆ ಎಂದು ನವೆಂಬರ್‌ನಲ್ಲಿ ತೀರ್ಪಿತ್ತ ಬಹುಮತದಲ್ಲಿ ಎಲಿಯಾಸ್ ಇದ್ದರು, ಭಾರತದ ನಾಗೇಂದ್ರ ಸಿಂಗ್ ಕೂಡ. ಅಮೆರಿಕ ಸಿಟ್ಟಿನಿಂದ ಹೊರನಡೆಯಿತು. ಇದರಿಂದ ನೈಜೀರಿಯಾದ ಸರ್ಕಾರಕ್ಕೆ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ಹಾಗಾಗಿ ಇದೇನು ಧೈರ್ಯ ಎಂದು ಕೇಳಬಹುದು. ನಿಜ, ತನ್ನದೇ ಸರ್ಕಾರದ ಎದುರು ನಿಲ್ಲುವುದು ಬೇರೆ. ಅದಕ್ಕೆ ಉದಾಹರಣೆ ನಮ್ಮ ಕಾರ್ಕಳದ ಕಡೆಯ ಕೆ.ಎಸ್. ಹೆಗ್ಡೆ. ಕಾಂಗ್ರೆಸ್‌ನಿಂದ ರಾಜ್ಯಸಭೆಯಲ್ಲಿದ್ದವರು, ಆ ಬಳಿಕ ನ್ಯಾಯಮೂರ್ತಿಯಾದವರು. 1973ರಲ್ಲಿ ಕೇಶವಾನಂದ ಭಾರತಿ ಪ್ರಕರಣದಲ್ಲಿ ಅದೇ ಕಾಂಗ್ರೆಸ್ ಸರ್ಕಾರಕ್ಕೆ ಒಪ್ಪಿಗೆಯಾಗದ ಕಡೆ ನಿಂತರು, ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಅವರ ಹಿರಿತನ ಕಡೆಗಣಿಸಿದಾಗ ರಾಜೀನಾಮೆ ಕೊಟ್ಟು ನಡೆದರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಹೋಗಿ ಸ್ಪೀಕರ್ ಆದದ್ದನ್ನು ಟೀಕಿಸುವವರಿದ್ದಾರೆ. ಟೀಕೆಗೆ ಅರ್ಥವೂ ಇದೆ. ಆದರೆ ಹಳೆಯ ಪಕ್ಷದ ನಂಟು ತೀರ್ಪಿಗೆ ತಳುಕು ಹಾಕಿಕೊಳ್ಳಲಿಲ್ಲ ಎಂಬುದನ್ನು ಅಲ್ಲಗಳೆಯಲಾಗದು.

ಹೇಗ್ ನ್ಯಾಯಾಲಯದ ಶಾಸನದ 16ನೇ ವಿಧಿ ನ್ಯಾಯಾಧೀಶರಿಗೆ ಯಾವುದೇ ರಾಜಕೀಯ ಅಥವಾ ಆಡಳಿತ ಕೆಲಸ ಕೂಡದೆನ್ನುತ್ತದೆ. 17ನೇ ವಿಧಿ ಹಿಂದೆ ತಾವು ಕೈಹಾಕಿದ ವ್ಯಾಜ್ಯದಿಂದ ಅವರನ್ನು ದೂರವಿಡುತ್ತದೆ. ಗತಕಾಲಕ್ಕೆ ಇಷ್ಟು ಬೇಲಿ ಸಾಕು. ತೆರೆದೇ ಉಳಿದಿರುವ ಕಿಂಡಿ ಬೇರೆಡೆ ಇದೆ. 15 ನ್ಯಾಯಾಧೀಶರ ಅವಧಿ ಒಂಬತ್ತು ವರ್ಷ, ಆಮೇಲೆ ಮರುಆಯ್ಕೆಗೆ ಅವಕಾಶವಿದೆ. ಮತ ಹಾಕುವುದು ಸಾಮಾನ್ಯ ಸಭೆ ಮತ್ತು ಭದ್ರತಾ ಮಂಡಳಿಯಲ್ಲಿ ಕೂತ ಸರ್ಕಾರಗಳು, ಮತ ಕೂಡಿಸಲು ಓಡಾಡುವುದು ತವರಿನ ರಾಜತಾಂತ್ರಿಕರು. ಎಲಿಯಾಸ್ ಕೂಡ ಎರಡನೇ ಅವಧಿಗೆ ಆಯ್ಕೆಯಾಗಿದ್ದರು. ಮಾಜಿ ಮಂತ್ರಿಗಳನ್ನು ಹೊರಗಿಡಿ ಎನ್ನುವವರು ಆ ಒತ್ತಾಯವನ್ನು ಬಿಟ್ಟು, ಎಲ್ಲರಿಗೂ ಒಂದೇ ಅವಧಿ, ಬೇಕಿದ್ದರೆ ಕೊಂಚ ದೀರ್ಘವಾದದ್ದು, ಎಂಬ ತಿದ್ದುಪಡಿ ಕೇಳಲಿ.