ಬೇವಿನ ಬೀಜ ಮಾರಿ ಬೇವಿನೆಣ್ಣೆ ಕೊಳ್ಳೋದು ಯಾಕೆ?

ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮ ಕಡೆ ಬದುವಿನ ಮೇಲೆ, ಗುಡಿ ಮುಂದೆ, ಹಳ್ಳದ ದಂಡೆಗೆ ಬೇವಿನ ಹಣ್ಣು ಉದುರುತ್ತವೆ. ಹೆಣ್ಣುಮಕ್ಕಳು, ಸಾಲಿ ಹುಡುಗರು ಆರಿಸಿ ತಂದು ಒಣಗಿಸಿ ಸಂತೆಯಲ್ಲಿ ಕಿಲೊ ಲೆಕ್ಕದಲ್ಲಿ ಕೊಟ್ಟು ಬರುತ್ತಾರೆ. ಕಾರ್ತಿಕದಲ್ಲಿ ತೊಗರಿ ಹೂವಿಗೆ ಬಂದಾಗ ಅದೇ ಬೀಜದ ಸಾರ ಬಾಟಲಿಯೊಳಗೆ ಕೂತು ಅಂಗಡಿಗೆ ಬರುತ್ತದೆ. ನಾವು ಉದ್ರಿ ಬರೆಸಿ ತರುತ್ತೇವೆ. ಮಾರುವಾಗ ಅವರು ಹೇಳಿದ ದರ, ಕೊಳ್ಳುವಾಗಲೂ ಅವರು ಹೇಳಿದ ದರ. ಈ ವ್ಯಾಪಾರ ಯಾವ ಲೆಕ್ಕಕ್ಕೆ ಹೊಂದುತ್ತದೆ ಎಂದು ನಾವೇ ಕೇಳಿಕೊಳ್ಳಬೇಕು.

ಬೇವಿನ ಗುಣ ನಮಗೆ ಯಾರೂ ಹೊಸದಾಗಿ ಹೇಳಿಕೊಟ್ಟಿದ್ದಲ್ಲ. ಕಾಳಿನ ಹಗೇವಿನಲ್ಲಿ, ಮಡಕೆಯಲ್ಲಿ ನಮ್ಮ ಹಿರಿಯರು ಬೇವಿನ ಎಲೆ ಹಾಕುತ್ತಿದ್ದರು. 1962ರಲ್ಲಿ ದಿಲ್ಲಿಯ ಕಡೆ ಮಿಡತೆ ಬಂದಾಗ ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆಯ ಡಾ. ಪ್ರಧಾನ್ ಅವರು ಬೇವಿನ ಬೀಜದ ನೀರು ಹೊಡೆಸಿದ ಬೆಳೆಯನ್ನು ಮಿಡತೆ ಮುಟ್ಟಲಿಲ್ಲ. ಮುಂದೆ 1994ರಲ್ಲಿ ಬೇವಿನೆಣ್ಣೆಯಿಂದ ಬೂಷ್ಟು ತಡೆಯುವ ವಿಧಾನಕ್ಕೆ ಯುರೋಪಿನ ಪೇಟೆಂಟ್ ಕಚೇರಿ ಅಮೆರಿಕದ ಕಂಪನಿಯೊಂದಕ್ಕೂ ಅಲ್ಲಿನ ಕೃಷಿ ಇಲಾಖೆಗೂ ಪೇಟೆಂಟ್ ಕೊಟ್ಟಿತು. ನಮ್ಮವರು ಹೋಗಿ ವಾದ ಮಾಡಿ 2000ದಲ್ಲಿ ಅದನ್ನು ರದ್ದು ಮಾಡಿಸಿದರು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಬೇವು ನಮ್ಮದು ಎಂದು ಪರದೇಶದಲ್ಲಿ ಗೆದ್ದು ಬಂದೆವು, ಆದರೆ ಹಿತ್ತಲಲ್ಲಿ ಬಿದ್ದ ಹಣ್ಣು ಆರಿಸಿ ಇಟ್ಟುಕೊಳ್ಳುವುದನ್ನು ಬಿಟ್ಟೆವು.

ಮಾಡೋದು ಕಷ್ಟವೇನಲ್ಲ. ಹಣ್ಣಾಗಿ ಉದುರಿದ್ದನ್ನೇ ಆರಿಸಬೇಕು. ನೆನೆಸಿ, ತಿಕ್ಕಿ, ಮೇಲಿನ ತೊಗಟೆ ಲೋಳೆ ತೆಗೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸತ್ವ ಹೋಗುತ್ತದೆ, ಹಸಿ ಇದ್ದಾಗಲೇ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಗಾಳಿಯಾಡುವ ಗೋಣಿಚೀಲ ಇಲ್ಲವೆ ಮಣ್ಣಿನ ಗಡಿಗೆ ಇರಲಿ. ಆರಿಸಿ ಮೂರು ತಿಂಗಳಿಂದ ಎಂಟು ತಿಂಗಳೊಳಗಿನ ಬೀಜವೇ ಒಳ್ಳೆಯದು. ಅಂದರೆ ಆಷಾಢದಲ್ಲಿ ಆರಿಸಿದ್ದು ತೊಗರಿ, ಕಡಲೆಗೆ ಸರಿಯಾಗಿ ಒದಗುತ್ತದೆ. ಹೋದ ವರ್ಷದ ಬೀಜ ಕುಟ್ಟಿ ಹೊಡೆದು ಬೇವನ್ನು ಬೈಯಬಾರದು.

ಬೀಜ ಹಗುರಾಗಿ ಕುಟ್ಟಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿದರೆ ತಿರುಳು ಉಳಿಯುತ್ತದೆ. ತೂಕದಲ್ಲಿ ಸುಮಾರು ಅರ್ಧ. ಐದು ಕಿಲೊ ತಿರುಳು ಪುಡಿ ಮಾಡಿ ಹತ್ತು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಕೋಲಿನಿಂದ ಚೆನ್ನಾಗಿ ತಿರುವಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಕಂದು ಬಣ್ಣ ಬಂದರೆ ಬೀಜ ಕೆಟ್ಟಿದೆ ಅಂತ ತಿಳಿಯಿರಿ. ಎರಡು ಪದರು ಅರಿವೆಯಲ್ಲಿ ಸೋಸಬೇಕು. ಇಲ್ಲಿ ಅವಸರ ಮಾಡಿದರೆ ಹೊಲದಲ್ಲಿ ಪಂಪಿನ ನಾಜಲ್ ಕಟ್ಟಿಕೊಂಡು ಅರ್ಧ ದಿನ ಹೋಗುತ್ತದೆ. ಇನ್ನೂರು ಗ್ರಾಂ ಬಟ್ಟೆ ಸೋಪು ಕರಗಿಸಿ ಬೆರೆಸಿ ನೂರು ಲೀಟರಿಗೆ ನೀರು ಕೂಡಿಸಿ. ಹೂವಿಗೆ ಬಂದ ತೊಗರಿಗೆ ಎಕರೆಗೆ ಇನ್ನೂರು ಲೀಟರ್ ಬೇಕಾಗುತ್ತದೆ, ಅಂದರೆ ಹತ್ತು ಕಿಲೊ ತಿರುಳು. ಬೆಳೆದ ಮರವೊಂದು ವರ್ಷಕ್ಕೆ ಮೂವತ್ತರಿಂದ ಐವತ್ತು ಕಿಲೊ ಹಣ್ಣು ಕೊಡುತ್ತದೆ. ಬದುವಿನ ಮೇಲೆ ಎರಡು ಮೂರು ಮರ ಇದ್ದವನಿಗೆ ಇದು ಭಾರವಲ್ಲ.

"ಹೊಡೆದು ನೋಡಿದೆ, ಹುಳ ಸಾಯಲಿಲ್ಲ" ಅನ್ನೋರು ಬಹಳ. ಅವರ ಮಾತು ಸುಳ್ಳಲ್ಲ. ಬೇವು ಹುಳವನ್ನು ನಿಂತಲ್ಲೇ ಕೆಡವುವ ವಿಷ ಅಲ್ಲ. ಅದರಲ್ಲಿರೋ ಅಜಾಡಿರಕ್ಟಿನ್ ಎಂಬ ಅಂಶ ಹುಳದ ಬಾಯಿ ಕಟ್ಟುತ್ತದೆ, ಪೊರೆ ಬಿಡದಂತೆ ಮಾಡುತ್ತದೆ. ಎಳೆ ಹುಳ ತಿನ್ನದೆ, ಬೆಳೆಯದೆ ನಾಲ್ಕಾರು ದಿನಕ್ಕೆ ಸಾಯುತ್ತದೆ. ಬಲಿತ ಹಸಿರು ಹುಳ ಕಾಯಿಯೊಳಗೆ ತಲೆ ಇಟ್ಟ ಮೇಲೆ ಬೇವಿನಿಂದ ಏನೂ ಆಗದು. ಹೂ ಮೊಗ್ಗಿನ ಮೇಲೆ ಕಸಕಸೆಗಿಂತ ಸಣ್ಣ ತತ್ತಿ ಕಂಡ ಕೂಡಲೇ ಹೊಡೆಯಬೇಕು, ಯಾಕೆಂದರೆ ಮೂರು ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಬಿಸಿಲಿಗೆ ಸತ್ವ ಬೇಗ ಹೋಗುವುದರಿಂದ ಹೊತ್ತು ಇಳಿದ ಮೇಲೆ ಹೊಡೆಯಬೇಕು. ಮಾಡಿದ ದಿನವೇ ಮುಗಿಸಬೇಕು, ಉಳಿಸಿ ಮರುದಿನಕ್ಕೆ ಇಡಬಾರದು. ಹುಳ ಬಲಿತಿದ್ದರೆ ಬೇರೆ ದಾರಿ ಇದೆ. ಕಲಬುರ್ಗಿ ಕಡೆಯ ರೈತರು ತೊಗರಿ ಗಿಡದ ಕೆಳಗೆ ಚಾದರ ಹಿಡಿದು ಗಿಡ ಅಲ್ಲಾಡಿಸಿ ಹುಳ ಉದುರಿಸಿ ನಾಶ ಮಾಡುತ್ತಿದ್ದರು. ಎಣ್ಣಿ ಮೇಲೆ ಎಣ್ಣಿ ಹೊಡೆದೂ ಹುಳ ಜಗ್ಗದ ಕಾಲದಲ್ಲಿ ಈ ಪದ್ಧತಿಯನ್ನೇ ವಿಜ್ಞಾನಿಗಳೂ ಬೇರೆ ಊರವರಿಗೆ ಹೇಳಿದರು.

ಬಾಟಲಿಯೇ ಬೇಕು ಅನ್ನುವವರಿಗೆ ಒಂದು ಮಾತು. ಮೇಲೆ ಬೇವಿನ ಚಿತ್ರ ಇದ್ದರೆ ಸಾಲದು. 300, 1500, 10000 ಪಿಪಿಎಂ ಅಂತ ಬೇರೆ ಬೇರೆ ಶಕ್ತಿಯವು ಬರುತ್ತವೆ. ಒಂದರ ಪ್ರಮಾಣ ಇನ್ನೊಂದಕ್ಕೆ ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆ. ಓದಿ ತಗೋಬೇಕು, ಓದಲು ಬಾರದಿದ್ದರೆ ಓದುವ ಮಗಳನ್ನು ಕರೆದುಕೊಂಡು ಹೋಗಬೇಕು.

ಇನ್ನು, ಮನೆಯಲ್ಲಿ ಮಾಡಿದ್ದೆಲ್ಲ ನಿರಪಾಯ ಎಂದು ಸಭೆಗಳಲ್ಲಿ ಭಾಷಣ ಕೇಳುತ್ತೇವೆ. ಇದನ್ನು ನಾನು ಒಪ್ಪುವುದಿಲ್ಲ. ಹೊಗೆಸೊಪ್ಪಿನ ಕಷಾಯವೂ ಮನೆಯದೇ. ಆದರೆ ಅದರ ನಿಕೋಟಿನ್ ಚರ್ಮದ ಮೂಲಕವೂ ಮೈಯೊಳಗೆ ಹೋಗಿ ತಲೆಸುತ್ತು, ವಾಂತಿ ತರುತ್ತದೆ. ಅದನ್ನು ಬರಿಗೈಲಿ ಕಿವುಚಬೇಡಿರಿ. ಕುಡಿಯುವ ನೀರಿನ ಕೊಡದಲ್ಲಿ ಯಾವ ಕಷಾಯವನ್ನೂ ಕಲಸಬೇಡಿರಿ.

"ಖರ್ಚಿಲ್ಲದ ಔಷಧ" ಅನ್ನುವ ಮಾತಿಗೂ ನನ್ನ ತಕರಾರು ಇದೆ. ಹತ್ತು ಕಿಲೊ ತಿರುಳು ಕುಟ್ಟೋರು ಯಾರು? ಮನೆಯ ಹೆಣ್ಣುಮಕ್ಕಳು. ಅವರ ಬೆನ್ನು ನೋವಿಗೆ ಲೆಕ್ಕ ಹಿಡಿಯದೆ ಗಂಡಸರು ಖರ್ಚಿಲ್ಲ ಅಂತಾರೆ. ಬೇವಿನ ಕಷಾಯ ಊರಲ್ಲಿ ನಿಂತುಹೋಗಲು ಇದೇ ದೊಡ್ಡ ಕಾರಣ, ಹುಳ ಸಾಯೋದಿಲ್ಲ ಅನ್ನೋದು ಆಮೇಲಿನದು. ಗಿರಣಿಗೆ ಒಯ್ದರೆ ಹಿಟ್ಟು ಕಹಿಯಾಗುತ್ತದೆ ಅಂತ ಗಿರಣಿಯವ ಒಲ್ಲೆ ಅಂತಾನೆ, ಅವನದೂ ತಪ್ಪಿಲ್ಲ. ಬೇವಿಗೇ ಒಂದು ಸಣ್ಣ ಪುಡಿ ಯಂತ್ರ ಊರಿಗೆ ಬೇಕು. ಸೊಸೈಟಿಯೋ, ಮಹಿಳಾ ಸಂಘವೋ ಅದನ್ನು ಇಟ್ಟು ಕಿಲೊಗೆ ಇಷ್ಟು ಎಂದು ಪಡೆಯಲಿ. ಬೀಜವನ್ನು ಸಂಘವೇ ಊರಲ್ಲಿ ಕೊಂಡು ಒಣಗಿಸಿ ಇಡಲಿ, ಮರ ಇಲ್ಲದ ರೈತನೂ ಪುಡಿ ಕೊಳ್ಳಲಿ. ಆರಿಸಿದ ಹೆಣ್ಣುಮಗಳಿಗೆ ಸಂತೆಗಿಂತ ಒಂದೆರಡು ರೂಪಾಯಿ ಹೆಚ್ಚು ಸಿಗಲಿ. ಪಂಚಾಯಿತಿಯವರು ರಸ್ತೆ ಬದಿಯ ಬೇವನ್ನು ಹರಾಜು ಹಾಕೋ ಮೊದಲು ಈ ಸಂಘಗಳನ್ನು ಕೇಳಲಿ. ಯಂತ್ರಕ್ಕೆ ಸಹಾಯಧನ ಯಾವ ಯೋಜನೆಯಲ್ಲಿ ಸಿಗುತ್ತದೆ ಎಂದು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ, ಹಣ್ಣು ಉದುರುವ ಮೊದಲೇ ವಿಚಾರಿಸಿರಿ. ಈಗಾಗಲೇ ಹೀಗೆ ನಡೆಸುತ್ತಿರುವ ಊರಿದ್ದರೆ ಅಲ್ಲಿಯವರು ಕಿಲೊ ಪುಡಿಗೆ ಎಷ್ಟು ಬೀಳುತ್ತದೆ ಎಂದು ಪತ್ರಿಕೆಗೆ ಬರೆಯಲಿ.